ಹಿಡಿಯದೆ ಆಡಿಸುವ ಕೋಲು

ಶ್ರವಣಬೆಳಗೊಳಕ್ಕೆ ಬರುವ ಯಾತ್ರಿಕರಲ್ಲಿ ಬಹುಮಂದಿ ದೊಡ್ಡಬೆಟ್ಟವನ್ನು ಹತ್ತಿ, ಗೊಮ್ಮಟನ ದರ್ಶನದಿಂದ ಕೃತಾರ್ಥರಾಗಿ, ಸಮಯವಿದ್ದರೆ ಚಿಕ್ಕಬೆಟ್ಟದ ಬಸದಿಗಳನ್ನೂ ನೋಡಿಕೊಂಡು ಹಿಂದಿರುಗುವರೇ ಹೊರತು, ಆ ಚಿಕ್ಕಬೆಟ್ಟದ ಬೆನ್ನಿಗೆ, ಉತ್ತರ ದಿಕ್ಕಿನಲ್ಲಿ, ನಡಿಗೆಯ ದೂರದಲ್ಲಿರುವ ಜಿನನಾಥಪುರದ ಕಡೆಗೆ ತಿರುಗುವವರು ವಿರಳ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಗಂಗರಾಜನು 1117ರ ಸುಮಾರಿನಲ್ಲಿ ನೆಲೆಗೊಳಿಸಿದ ಊರು ಇದು. ಇಲ್ಲಿ ಸುಮಾರು 1200ರಲ್ಲಿ ರೇಚಿಮಯ್ಯನೆಂಬ ದಂಡನಾಯಕನು ಕಟ್ಟಿಸಿದ ಶಾಂತಿನಾಥ ಬಸದಿಯೊಂದಿದೆ. ಬೆಳಗೊಳದ ಇತರ ಬಸದಿಗಳ ಹೊರಗೋಡೆಗಳು ಬಹುಮಟ್ಟಿಗೆ ನಿರಾಡಂಬರವಾಗಿದ್ದರೆ, ಇದರ ಗೋಡೆಯ ಮೇಲೆ ಜಿನರು, ಯಕ್ಷಯಕ್ಷಿಯರು, ಸರಸ್ವತಿ, ಮನ್ಮಥ, ಮೋಹಿನಿ ಮೊದಲಾದವರೊಡನೆ ಮದ್ದಳೆಗಾರರೂ ವಾದ್ಯಗಾರರೂ ನರ್ತಕಿಯರೂ ಸಾಲುಗೊಂಡು ನಿಂತಿದ್ದಾರೆ. ಒಳಗೆ ತೀರ್ಥಂಕರನ ನಿಶ್ಚಲತೆ, ಹೊರಗೆ ಕಲಾವಿದರ ಚಲನೆ. ಎರಡಕ್ಕೂ ಒಂದೇ ಕಟ್ಟಡದಲ್ಲಿ ಎಡೆಯಿತ್ತ ನಾಡಿದು. ಇಂಥ ನಾಡಿನ ತರುಣನೊಬ್ಬನು ದೂರದೇಶದಿಂದ ಬಂದ ಹೊಸ ಅಂಗವಿದ್ಯೆಯೊಂದನ್ನು ಮೊಬೈಲಿನ ತೆರೆಯ ಮೇಲೆ ಕಂಡು, ಅದನ್ನು ತನ್ನೂರಿನ ಬಯಲಿನಲ್ಲಿಯೇ ಕಲಿಯಬೇಕೆಂದು ಹಂಬಲಿಸಿದರೆ ಅದನ್ನು ಹುಚ್ಚೆಂದು ತಳ್ಳಿಹಾಕಬೇಕಾಗಿಲ್ಲ.

ಆ ವಿದ್ಯೆಯ ಸಾಧನ ಒಂದು ಕೋಲು. ಆದರೆ ಅದು ಮುಷ್ಟಿಯಲ್ಲಿ ಹಿಡಿದು ಬೀಸುವ ಕೋಲಲ್ಲ. ಅಂಗೈ, ಮುಂಗೈ, ತೋಳು, ಭುಜ, ಕತ್ತಿನ ಹಿಂಬದಿ, ಮತ್ತೊಂದು ತೋಳು ಎಂದು ದೇಹದ ಮೇಲೆಯೇ ಉರುಳುತ್ತ ಹೋಗಿ, ಎಲ್ಲಿಯೂ ಬಿಗಿಯಾಗಿ ಹಿಡಿಯಲ್ಪಡದೆ, ಎಲ್ಲಿಯೂ ನೆಲಕ್ಕೆ ಬೀಳದೆ ತಿರುಗುತ್ತಿರುವ ಕೋಲು. ಫ್ಲೋ ಆರ್ಟ್ಸ್ ಎಂದು ಈಗ ಜಗತ್ತಿನಲ್ಲಿ ಕರೆಯಲ್ಪಡುವ ಕಲೆಗಳ ಗುಂಪಿಗೆ ಇದು ಸೇರಿದೆ. ನ್ಯೂಜಿಲೆಂಡಿನ ಮಾವೊರಿ ಜನರ ಪೋಯಿ, ಅಂದರೆ ಹುರಿಯ ತುದಿಗೆ ಚೆಂಡನ್ನು ಕಟ್ಟಿ ತಿರುಗಿಸುವ ಆಟ, ಆ ಗುಂಪಿನ ಹಿರಿಯ ಸದಸ್ಯ. ಸಮೋವಾ ದ್ವೀಪಗಳ ಕತ್ತಿಯ ಕುಣಿತಕ್ಕೆ 1946ರಲ್ಲಿ ಫ್ರೆಡ್ಡಿ ಲೆಟುಲಿ ಎಂಬ ಕಲಾವಿದನು ಬೆಂಕಿಯನ್ನು ಕೂಡಿಸಿದುದು ಅದರ ಇತಿಹಾಸದ ಇನ್ನೊಂದು ಘಟ್ಟ. ಉರುಳುವ ಕೋಲು ಇವುಗಳಿಗಿಂತ ಬಹಳ ಕಿರಿಯದು. ಎರಡು ತುದಿಗಳಲ್ಲಿಯೂ ಅರಗಳುಳ್ಳ ಇದರ ಪ್ರಸಿದ್ಧ ರೂಪಕ್ಕೆ ಡ್ರ್ಯಾಗನ್ ಸ್ಟಾಫ್ ಎಂಬ ಹೆಸರುಂಟು; ಈ ಲೇಖನದಲ್ಲಿ ಅದನ್ನು ಉರುಳುಗೋಲು ಎಂದೇ ಕರೆಯುತ್ತೇನೆ. ಗೋಕರ್ಣದ ಕಡಲತೀರಗಳಲ್ಲಿ ಸಂಜೆಯ ಹೊತ್ತು ಪ್ರವಾಸಿಗರು ಇಂಥ ಆಟಗಳನ್ನು ಅಭ್ಯಾಸ ಮಾಡುವುದನ್ನು ನಮ್ಮವರು ಅನೇಕರು ಕಂಡಿರಬಹುದು.

ಕೋಲಿನ ವಿದ್ಯೆ ನಮಗೆ ಹೊಸದೇನೂ ಅಲ್ಲ. ಸುದತ್ತ ಮುನಿಯ ಅಪ್ಪಣೆಯಂತೆ ಸಳನು ಹುಲಿಯನ್ನು ಕೊಂದನೆಂಬ ಹೊಯ್ಸಳರ ಮೂಲ ಕಥೆಯಲ್ಲಿಯೇ ಮುನಿ ಕೊಟ್ಟ ಕೋಲೊಂದರ ಪ್ರಸ್ತಾಪವುಂಟು. ಕಥೆಯನ್ನು ಬಿಟ್ಟು ಕಣ್ಣೆದುರಿನ ಬಾಳಿಗೆ ಬಂದರೂ, ಹಳೆಯ ಮೈಸೂರು ಸೀಮೆಯ ಗರಡಿಗಳಲ್ಲಿ ವಸ್ತಾದರು ಕಲಿಸುತ್ತಿದ್ದ ದೊಣ್ಣೆವರಸೆ, ಬಾಬಯ್ಯನ ಹಬ್ಬದ, ಅಂದರೆ ಮೊಹರಮ್ಮಿನ, ಮೆರವಣಿಗೆಯಲ್ಲಿ ಗುಂಪನ್ನು ಹಿಂದಕ್ಕೆ ಸರಿಸುವ ಕೋಲಿನ ಬೀಸು, ಸುಗ್ಗಿಯ ಕಾಲದ ಕೋಲಾಟ, ಮೈಸೂರು ದಸರೆಯ ಮೆರವಣಿಗೆಗೆ ಪೂಜೆಯಿಂದ ನಾಂದಿ ಹಾಡುವ ನಂದಿಧ್ವಜ, ಇವೆಲ್ಲ ನಮ್ಮವರ ಕೈಗೂ ಕಣ್ಣಿಗೂ ಪರಿಚಿತವಾದುವು. ಆದರೆ ಇವುಗಳಲ್ಲಿ ಒಂದೊಂದರ ಸ್ವಭಾವವೂ ಬೇರೆ. ದೊಣ್ಣೆವರಸೆಯಲ್ಲಿ ಮುಷ್ಟಿಯೇ ಯಜಮಾನ. ಕೋಲು ಅದು ಹೇಳಿದಂತೆ ಕೇಳುತ್ತದೆ. ಕೋಲಾಟದಲ್ಲಿ ತಾಳವೇ ಯಜಮಾನ. ನಂದಿಧ್ವಜವನ್ನು ಹೊತ್ತವನಾದರೋ, ಸೊಂಟಕ್ಕೆ ಬಿಗಿದ ಪಟ್ಟಿಯಲ್ಲಿ ಕಂಬದ ಬುಡವನ್ನು ಊರಿ, ಅದು ವಾಲಿದ ಕಡೆಗೆ ತಾನು ಸರಿದು, ಅದರ ತೂಕವನ್ನು ತನ್ನ ನಡುವಿನ ಮೂಲಕ ನೆಲಕ್ಕೆ ಇಳಿಸುತ್ತಾನೆ. ಅಲ್ಲಿ ಬಲಕ್ಕಿಂತ ತೂಗಿಸಿಕೊಳ್ಳುವ ಜಾಣ್ಮೆಯೇ ಮುಖ್ಯ. ಉರುಳುಗೋಲಿಗೆ ಹತ್ತಿರದ ಬಂಧು ಈ ನಂದಿಧ್ವಜವೇ ಹೊರತು ದೊಣ್ಣೆವರಸೆಯಲ್ಲ. ದೊಣ್ಣೆವರಸೆ ಬಲ್ಲವನು ಉರುಳುಗೋಲನ್ನು ಕಲಿಯಲು ಬಂದರೆ ಮೊದಲ ಕೆಲವು ದಿನ ತನ್ನ ವಿದ್ಯೆಯನ್ನೇ ಮರೆಯಬೇಕಾಗುತ್ತದೆ. ಏಕೆಂದರೆ ಕೋಲು ಜಾರುತ್ತಿದೆಯೆಂದು ತೋರಿದೊಡನೆ ಬೆರಳುಗಳನ್ನು ಮುಚ್ಚುವುದು ಅವನಿಗೆ ಸ್ವಭಾವವಾಗಿಬಿಟ್ಟಿರುತ್ತದೆ, ಮತ್ತು ಬೆರಳು ಮುಚ್ಚಿದ ಕ್ಷಣದಲ್ಲಿಯೇ ಉರುಳುವಿಕೆ ನಿಂತುಹೋಗುತ್ತದೆ.

ಸಾಧನದ ರಚನೆಯನ್ನು ಮೊದಲು ತಿಳಿಯೋಣ. ನಡುವೆ ಒಂದು ದುಂಡಾದ ದಂಡ. ನೆಲಕ್ಕೂರಿ ನಿಲ್ಲಿಸಿದರೆ ಭುಜದಿಂದ ಗದ್ದದವರೆಗೆ ಎಲ್ಲಿಯಾದರೂ ಮುಟ್ಟುವಷ್ಟು ಉದ್ದ. ಸುಮಾರು ಎರಡೂವರೆ ಸೆಂಟಿಮೀಟರು ದಪ್ಪ. ಅದರ ಎರಡು ತುದಿಗಳಲ್ಲಿಯೂ ಸಾಮಾನ್ಯವಾಗಿ ನಾಲ್ಕು ನಾಲ್ಕು ಅರಗಳು, ದಂಡಕ್ಕೆ ಅಡ್ಡವಾಗಿ, ಒಂದೊಂದೂ ಗೇಣುದ್ದ ಚಾಚಿಕೊಂಡಿರುತ್ತವೆ. ಅರಗಳ ಕೊನೆಯಲ್ಲಿ ಸ್ವಲ್ಪ ಭಾರ. ದಂಡದ ಮೈಗೆ ರಬ್ಬರಿನಂಥ, ಚರ್ಮಕ್ಕೆ ಅಂಟಿಕೊಳ್ಳುವಂಥ ಪಟ್ಟಿಯನ್ನು ಸುತ್ತಿರುತ್ತಾರೆ. ಇಷ್ಟೇ ಇದರ ಸಾಮಗ್ರಿ. ಆದರೆ ನೋಡುವವನಿಗೆ ಅಲಂಕಾರವೆಂದು ತೋರುವ ಅರಗಳಲ್ಲಿಯೇ ಇದರ ಮರ್ಮವೆಲ್ಲ ಅಡಗಿದೆ.

ಅದು ಹೇಗೆಂದರೆ: ಅರಗಳಿಲ್ಲದ ಘನವಾದ ದುಂಡುಕೋಲನ್ನು ಇಳಿಜಾರಿನ ಮೇಲಿಟ್ಟರೆ, ಅಡೆತಡೆಯಿಲ್ಲದೆ ಜಾರುವ ವಸ್ತುವಿನ ವೇಗೋತ್ಕರ್ಷದ ಮೂರರಲ್ಲಿ ಎರಡು ಪಾಲಿನಷ್ಟು ವೇಗೋತ್ಕರ್ಷದಿಂದ ಅದು ಉರುಳಿ ಓಡುತ್ತದೆ, ತೋಳಿನ ಮೇಲೆ ಅಂಥದನ್ನು ಅಂಕೆಯಲ್ಲಿಡುವುದು ಹೊಸಬನಿಗೆ ಬಹು ಕಷ್ಟ. ಭಾರವನ್ನು ಅಕ್ಷದಿಂದ ದೂರಕ್ಕೆ ಒಯ್ದಷ್ಟೂ ವಸ್ತು ತಿರುಗಲಾರಂಭಿಸುವುದೂ ನಿಧಾನ, ತಿರುಗತೊಡಗಿದ ಮೇಲೆ ನಿಲ್ಲುವುದೂ ನಿಧಾನ. ಕುಂಬಾರನು ತನ್ನ ತಿಗರಿಯ ಅಂಚನ್ನು ಭಾರವಾಗಿಸಿಕೊಂಡು, ಒಮ್ಮೆ ಕೋಲಿನಿಂದ ತಿರುವಿ ಬಿಟ್ಟು, ಅದು ತಿರುಗುತ್ತಿರುವಾಗ ಮಡಕೆಯ ಕಂಠವನ್ನು ನಿಶ್ಚಿಂತೆಯಿಂದ ತಿದ್ದುವುದು ಈ ನಿಯಮದ ಬಲದಿಂದಲೇ. ಒಂದು ಕಿಲೋಗ್ರಾಂ ತೂಗುವ ಕೋಲಿಗೆ ಎಂಟು ಅರಗಳಿದ್ದು, ಅಕ್ಷದಿಂದ 20 ಸೆಂಟಿಮೀಟರು ದೂರದಲ್ಲಿ ಒಂದೊಂದರ ಕೊನೆಗೆ 50 ಗ್ರಾಂ ಭಾರವಿದೆಯೆಂದು ಭಾವಿಸಿ ಲೆಕ್ಕ ಹಾಕಿದರೆ, ಅದೇ ಇಳಿಜಾರಿನಲ್ಲಿ ಅದರ ವೇಗೋತ್ಕರ್ಷವು ಜಾರುವ ವಸ್ತುವಿನದರ ನೂರರಲ್ಲಿ ಒಂದು ಪಾಲಿನಷ್ಟಕ್ಕೆ ಇಳಿಯುತ್ತದೆ. ಕೋಲು ಅವಸರವಿಲ್ಲದೆ ಉರುಳುವುದಕ್ಕೂ, ಕಲಿಯುವವನಿಗೆ ಯೋಚಿಸುವಷ್ಟು ಬಿಡುವು ದೊರೆಯುವುದಕ್ಕೂ ಕಾರಣ ಇದು. ಇನ್ನೊಂದು ಲೆಕ್ಕವೂ ಉಪಯುಕ್ತವಾದುದು. ಎರಡೂವರೆ ಸೆಂಟಿಮೀಟರು ವ್ಯಾಸದ ದಂಡ ಒಂದು ಸುತ್ತು ತಿರುಗಿದರೆ ಸುಮಾರು ಎಂಟು ಸೆಂಟಿಮೀಟರು ಮಾತ್ರ ಮುಂದೆ ಸಾಗುತ್ತದೆ. ಮಣಿಕಟ್ಟಿನಿಂದ ಮೊಣಕೈವರೆಗೆ ಮೂರು ಸುತ್ತು. ಒಂದು ಕೈಯ ಬೆರಳ ತುದಿಯಿಂದ ಮತ್ತೊಂದರ ಬೆರಳ ತುದಿಗೆ, ಸಾಧಾರಣ ಎತ್ತರದವನಿಗೆ, ಇಪ್ಪತ್ತಕ್ಕೆ ತುಸು ಮೇಲೆ. ಅರಗಳು ಗಾಳಿಯಲ್ಲಿ ದೊಡ್ಡ ಚಕ್ರಗಳನ್ನು ಬರೆಯುತ್ತಿರುವಾಗ ನಡುವಿನ ದಂಡವು ತೋಳಿನ ಮೇಲೆ ಇಂಚಿಂಚಾಗಿ ತೆವಳುವ ಈ ವೈಚಿತ್ರ್ಯವೇ ಪ್ರೇಕ್ಷಕನಿಗೆ ಕಾಣುವ ಸೊಗಸು.

ಇಂಥ ಕೋಲನ್ನು ಹಣ ತೆತ್ತು ತರಿಸಬೇಕೆಂಬ ನಿಯಮವಿಲ್ಲ. ಚನ್ನರಾಯಪಟ್ಟಣದ ಯಾವುದಾದರೂ ಹಾರ್ಡ್‌ವೇರ್ ಅಂಗಡಿಯಲ್ಲಿ, ಮನೆಗೆ ವಿದ್ಯುತ್ ತಂತಿ ಎಳೆಯುವಾಗ ಉಪಯೋಗಿಸುವ 25 ಮಿಲಿಮೀಟರಿನ ಪಿವಿಸಿ ಪೈಪು ಸಿಗುತ್ತದೆ. ಅದು ಬಾಗದಂತೆ ಒಳಗೆ ಬಿಗಿಯಾಗಿ ಕೂರುವ ಮರದ ದಂಡವೊಂದನ್ನು ತೂರಿಸಬೇಕು. ತುದಿಯಿಂದ ನಾಲ್ಕು ಬೆರಳು ಒಳಗೆ ಒಂದು ತೂತು, ಅದಕ್ಕೆ ಅಡ್ಡಲಾಗಿ ಅಲ್ಲಿಯೇ ಸ್ವಲ್ಪ ಪಕ್ಕದಲ್ಲಿ ಇನ್ನೊಂದು ತೂತು ಕೊರೆದು, ಎರಡು ತೆಳುವಾದ ಮರದ ಕಡ್ಡಿಗಳನ್ನು ನಟ್ಟನಡುವಿಗೆ ಬರುವಂತೆ ತೂರಿಸಿ ಅಂಟಿಸಿದರೆ ನಾಲ್ಕು ಅರಗಳಾದುವು. ಇನ್ನೊಂದು ತುದಿಗೂ ಹೀಗೆಯೇ. ಅರಗಳ ಕೊನೆಗೆ ಹಳೆಯ ಟೆನಿಸ್ ಚೆಂಡುಗಳನ್ನು ಚುಚ್ಚಿ ಅಂಟಿಸಿದರೆ ಭಾರವೂ ಆಯಿತು, ಪೆಟ್ಟು ಬಿದ್ದರೆ ಮೆತ್ತನೆಯೂ ಆಯಿತು. ದಂಡದ ಮೈಗೆ ಸೈಕಲ್ಲಿನ ಹಳೆಯ ಟ್ಯೂಬನ್ನು ಪಟ್ಟಿಯಾಗಿ ಸೀಳಿ, ಎಳೆದು, ಅಂಚಿಗೆ ಅಂಚು ಕೂಡುವಂತೆ ಸುತ್ತಬೇಕು. ಒಂದರ ಮೇಲೊಂದು ಏರಿದರೆ ಅಲ್ಲಿ ಉಬ್ಬುಂಟಾಗಿ ಕೋಲು ತೊಡರುತ್ತದೆ. ಬಿದಿರನ್ನು ಬಳಸುವುದಾದರೆ ಅದರ ಗೆಣ್ಣುಗಳನ್ನು ಚೆನ್ನಾಗಿ ಹೆರೆದು ನುಣುಪು ಮಾಡತಕ್ಕದ್ದು. ಕೊನೆಗೆ ಕೋಲನ್ನು ಒಂದೇ ಬೆರಳಿನ ಮೇಲೆ ತೂಗಿ, ಸಮತೂಕ ನಿಲ್ಲುವ ಬಿಂದುವನ್ನು ಕಂಡುಹಿಡಿದು, ಅಲ್ಲಿ ಬಣ್ಣದ ದಾರ ಸುತ್ತಬೇಕು. ಆ ಬಿಂದು ಅಳತೆಯ ನಡುವಿಗೆ ಬರದಿದ್ದರೆ ಒಂದು ತುದಿ ಭಾರವಾಗಿದೆಯೆಂದು ಅರ್ಥ. ಅದನ್ನು ಸರಿಪಡಿಸದೆ ಅಭ್ಯಾಸಕ್ಕೆ ತೊಡಗಿದವನು ಕೋಲಿನ ದೋಷವನ್ನೆಲ್ಲ ತನ್ನ ಕೈಯ ದೋಷವೆಂದು ಭ್ರಮಿಸಿ ವೃಥಾ ಬೇಸರಗೊಳ್ಳುತ್ತಾನೆ.

ಅಭ್ಯಾಸದ ಸ್ಥಳವನ್ನು ಕುರಿತು ಎರಡು ಮಾತು. ಕೋಲಿನ ಉದ್ದಕ್ಕೆ ಎರಡರಷ್ಟು ದೂರ ಸುತ್ತಲೂ ಬರಿದಾಗಿರಬೇಕು. ಮೇಲೆ ವಿದ್ಯುತ್ ತಂತಿಯಾಗಲಿ ತೆಂಗಿನ ಗರಿಯಾಗಲಿ ಇರಕೂಡದು. ರಾಗಿಯ ಒಕ್ಕಣೆ ಮುಗಿದು ಬರಿದಾದ ಕಣ ಇದಕ್ಕೆ ಪ್ರಶಸ್ತವಾದ ಸ್ಥಳ. ನೆಲ ಸಮವಾಗಿರುವುದರಿಂದ ಹೆಜ್ಜೆ ತಪ್ಪುವುದಿಲ್ಲ. ಬಸದಿಯ ಆವರಣ ಎಷ್ಟು ವಿಶಾಲವಾಗಿ ತೋರಿದರೂ ಅದು ಸಂರಕ್ಷಿತ ಸ್ಮಾರಕವೂ ಪೂಜ್ಯಸ್ಥಾನವೂ ಆದುದರಿಂದ ಅಲ್ಲಿ ಇಂಥ ಆಟ ಸಲ್ಲದು. ತೋಳುಗಳು ಬರಿದಾಗಿರಬೇಕು, ಗಡಿಯಾರ, ಬಳೆ, ಕಡಗ, ಕೊರಳ ಸರ ಇವನ್ನು ತೆಗೆದಿಟ್ಟು ಬರಬೇಕು. ಬೆವರಿದ ಚರ್ಮದ ಮೇಲೆ ಕೋಲು ಉರುಳುವ ಬದಲು ಜಾರುವುದರಿಂದ ಬೆಳಗಿನ ಅಥವಾ ಇಳಿಹೊತ್ತಿನ ತಂಪು ಅನುಕೂಲ.

ಮೊದಲ ಪಾಠ ಅತ್ಯಂತ ಸರಳ. ಎರಡು ಕೈಗಳನ್ನೂ ಎದೆಯ ಮಟ್ಟಕ್ಕಿಂತ ತುಸು ಕೆಳಗೆ, ಮುಂದಕ್ಕೆ, ಸಮಾಂತರವಾಗಿ ಚಾಚಿ, ಅಂಗೈಗಳನ್ನು ಮೇಲ್ಮುಖ ಮಾಡಿ, ಮಣಿಕಟ್ಟುಗಳ ಮೇಲೆ ಕೋಲನ್ನು ಅಡ್ಡಲಾಗಿ ಇಡಿಸಿಕೊಳ್ಳಬೇಕು. ಬಣ್ಣದ ದಾರ ಎರಡು ಕೈಗಳ ನಡುವೆ ಬರಲಿ. ಈಗ ಬೆರಳ ತುದಿಗಳನ್ನು ಅತ್ಯಲ್ಪವಾಗಿ ಎತ್ತಿದರೆ ಕೋಲು ಮೊಣಕೈಯ ಕಡೆಗೆ ಉರುಳತೊಡಗುತ್ತದೆ. ಮಡಚಿದ ಮೊಣಕೈಯ ಕುಳಿಗೆ ಬಂದು ನಿಲ್ಲುತ್ತದೆ. ಕೈಗಳನ್ನು ತಗ್ಗಿಸಿದರೆ ಮರಳಿ ಮಣಿಕಟ್ಟಿಗೆ ಹೋಗುತ್ತದೆ. ಇದರಲ್ಲಿ ಕಲಿಯಬೇಕಾದುದು ಎರಡು ಸಂಗತಿ. ಎರಡು ಕೈಗಳೂ ಒಂದೇ ಮಟ್ಟದಲ್ಲಿರದಿದ್ದರೆ ಕೋಲು ತಗ್ಗಿನ ಕಡೆಗೆ ಉದ್ದಕ್ಕೆ ಸರಿದು ಜಾರಿ ಬೀಳುತ್ತದೆ ಎಂಬುದು ಮೊದಲನೆಯದು. ಇಳಿಜಾರನ್ನು ಮಾಡಿಕೊಟ್ಟ ಮೇಲೆ ಕೈಗೆ ಬೇರೆ ಕೆಲಸವಿಲ್ಲ, ಕಾಯುವುದೊಂದೇ ಅದರ ಕೆಲಸ ಎಂಬುದು ಎರಡನೆಯದು. ಹೊಸಬರು ಬಹುಮಟ್ಟಿಗೆ ಸೋಲುವುದು ಈ ಎರಡನೆಯದರಲ್ಲಿ. ಕೋಲು ಹೊರಡಲು ತಡಮಾಡಿತೆಂದು ಕೈಯನ್ನು ಇನ್ನಷ್ಟು ಎತ್ತುತ್ತಾರೆ, ಅಷ್ಟರಲ್ಲಿ ಅದು ಹೊರಟು, ಎತ್ತಿದ ಇಳಿಜಾರಿನಲ್ಲಿ ವೇಗಗೊಂಡು ಎದೆಗೆ ಬಡಿಯುತ್ತದೆ.

ಎರಡನೆಯ ಪಾಠದಲ್ಲಿ ಕೋಲಿನ ದಿಕ್ಕು ಬದಲಾಗುತ್ತದೆ. ಒಂದು ತುದಿ ಎದುರಿಗೂ ಒಂದು ತುದಿ ತನ್ನ ಪಕ್ಕೆಯಿಂದ ಹಿಂದಕ್ಕೂ ಚಾಚಿರುವಂತೆ ಅದನ್ನು ಹಿಡಿದು, ಎಡಮುಂಗೈಯನ್ನು ಎದೆಯ ಮುಂದೆ ಅಡ್ಡಲಾಗಿ ತಂದು, ಅದರ ಮೇಲೆ ನಡುಬಿಂದುವನ್ನು ಇಟ್ಟು ಬಿಡಬೇಕು. ಕೋಲು ಮುಂಗೈಯನ್ನು ದಾಟಿ ಬೆರಳುಗಳ ಕಡೆಗೆ ಉರುಳಿ, ತುದಿಯಿಂದ ಇಳಿಯುವಷ್ಟರಲ್ಲಿ ಬಲಗೈ ಕೆಳಗಿನಿಂದ ಬಂದು ತನ್ನ ಹಿಂಗೈಯ ಮೇಲೆ ಅದನ್ನು ಬರಮಾಡಿಕೊಳ್ಳಬೇಕು. ಅಲ್ಲಿಂದ ಅದು ಮುಂದೆ ಸಾಗುತ್ತಿರುವಾಗ ಎಡಗೈ ಸುತ್ತಿ ಬಂದು ಮತ್ತೆ ಮುಂದೆ ನಿಲ್ಲಬೇಕು. ಒಂದು ಕೈ ದಾರಿಯಾಗಿರುವಾಗ ಇನ್ನೊಂದು ಕೈ ಮುಂದಿನ ದಾರಿಯಾಗಲು ಹೊರಟಿರುತ್ತದೆ. ಕೈಗಳು ಪರಸ್ಪರ ಸುತ್ತುವ ವೇಗ ಕೋಲಿನ ವೇಗಕ್ಕೆ ಸರಿಯಾಗಿ ಹೊಂದಿದಾಗ, ಕೋಲು ಗಾಳಿಯಲ್ಲಿ ಒಂದೇ ಎಡೆಯಲ್ಲಿ ನಿಂತು ತಿರುಗುತ್ತಿರುವಂತೆ ಕಾಣುತ್ತದೆ. ಇದನ್ನು ಬಲಕ್ಕೂ ಎಡಕ್ಕೂ ಸಮನಾಗಿ ಕಲಿಯತಕ್ಕದ್ದು. ಬಲಗೈ ರೂಢಿಯವರು ಎಡಪಕ್ಕಕ್ಕೆ ಇಮ್ಮಡಿ ಕಾಲ ಕೊಡುವುದು ಲೇಸು.

ಮೂರನೆಯದು ಈ ವಿದ್ಯೆಯ ಹೆಬ್ಬಾಗಿಲು. ಬಲತೋಳನ್ನು ಭುಜದ ಮಟ್ಟದಲ್ಲಿ ಪಕ್ಕಕ್ಕೆ ಚಾಚಿ, ಅಂಗೈಯ ಮೇಲೆ ಕೋಲನ್ನು ಹಿಂದುಮುಂದಾಗಿ ಇರಿಸಿ, ಕೈಯನ್ನು ತುಸುವೇ ಎತ್ತಬೇಕು. ಅದು ಮುಂಗೈಯನ್ನೂ ತೋಳನ್ನೂ ಹಾದು ಭುಜಕ್ಕೆ ಬರುತ್ತಿರುವಾಗ, ತಲೆಯನ್ನು ಮುಂದಕ್ಕೆ ಬಗ್ಗಿಸಿ, ಬೆನ್ನಿನ ಮೇಲ್ಭಾಗವನ್ನೂ ಕೊಂಚ ಬಾಗಿಸಿ, ಕತ್ತಿನ ಹಿಂಬದಿಯನ್ನು ಭುಜಗಳಿಗೆ ಸಮನಾದ ಒಂದು ಬಯಲಾಗಿ ಮಾಡಿಕೊಡಬೇಕು. ಎಡತೋಳು ಆಗಲೇ ಇಳಿಜಾರಾಗಿ ಚಾಚಿಕೊಂಡಿರಬೇಕು. ತಲೆ ಎತ್ತಿಕೊಂಡಿದ್ದರೆ ಕೋಲು ಕಿವಿಯ ಬಳಿ ತಡೆದು ತಲೆಗೇ ತಗಲುತ್ತದೆ. ಕತ್ತನ್ನು ದಾಟುವಾಗ ಕೋಲನ್ನು ಕಣ್ಣು ಕಾಣಲಾರದು; ಅಲ್ಲಿ ಚರ್ಮದ ಸ್ಪರ್ಶವನ್ನು ನಂಬಬೇಕು. ಆದುದರಿಂದ ಇದನ್ನು ಒಮ್ಮೆಗೇ ಪೂರ್ಣವಾಗಿ ಮಾಡಲು ಹೋಗದೆ, ಮೊದಲು ಅಂಗೈಯಿಂದ ಭುಜದವರೆಗೆ ಉರುಳಿಸಿ ಹಿಂದಕ್ಕೆ ಕಳುಹಿಸುವುದು, ಅನಂತರ ಗೆಳೆಯನೊಬ್ಬನಿಂದ ಕತ್ತಿನ ಮೇಲೆ ಇಡಿಸಿಕೊಂಡು ಎಡಗೈಗೆ ಇಳಿಸುವುದು, ಕೊನೆಗೆ ಎರಡನ್ನೂ ಕೂಡಿಸುವುದು, ಇದೇ ಕ್ರಮ. ಕತ್ತಿನ ಅಥವಾ ಬೆನ್ನಿನ ನೋವುಳ್ಳವರು ಈ ಪಾಠಕ್ಕೆ ಹೋಗದಿರುವುದೇ ವಿವೇಕ. ಇದು ಕೈಗೂಡಿದ ಮೇಲೆ ಮುಂದಿನ ನೂರಾರು ವರಸೆಗಳು ಇದರ ಶಾಖೋಪಶಾಖೆಗಳಾಗಿ ತಾವೇ ತೆರೆದುಕೊಳ್ಳುತ್ತವೆ.

ಅಭ್ಯಾಸದಲ್ಲಿ ತೋರುವ ದೋಷಗಳಿಗೆ ಪರಿಹಾರವೂ ಸ್ಪಷ್ಟವಾದುದೇ. ಕೋಲು ಯಾವಾಗಲೂ ಮುಂದಕ್ಕೇ ಬೀಳುತ್ತಿದ್ದರೆ ನಡುಬಿಂದು ತೋಳಿನ ಮೇಲೆ ಬಂದಿಲ್ಲ. ಉರುಳದೆ ಜಾರುತ್ತಿದ್ದರೆ ಇಳಿಜಾರು ಹೆಚ್ಚಾಗಿದೆ, ಅಥವಾ ಸುತ್ತಿದ ಪಟ್ಟಿಗೆ ಧೂಳು ಹಿಡಿದಿದೆ. ಒದ್ದೆ ಬಟ್ಟೆಯಿಂದ ಒರಸಿದರೆ ಅದು ಮತ್ತೆ ಹಿಡಿತ ಕೊಡುತ್ತದೆ. ಅರಗಳು ಮೊಣಕೈಗೋ ಮೊಣಕಾಲಿಗೋ ಪದೇ ಪದೇ ತಗಲುತ್ತಿದ್ದರೆ ನೋಟ ಹತ್ತಿರದ ತುದಿಯಲ್ಲಿ ನೆಟ್ಟಿದೆಯೆಂದು ತಿಳಿಯಬೇಕು. ಕಣ್ಣು ನಡುಬಿಂದುವಿನಲ್ಲಿರಲಿ, ತುದಿಗಳ ಚಿಂತೆಯನ್ನು ಅಭ್ಯಾಸ ನೋಡಿಕೊಳ್ಳುತ್ತದೆ. ಕೋಲು ಬೀಳುವಾಗ ಕಾಲಿನಿಂದ ತಡೆಯುವ ಚಪಲ ಕೂಡದು. ಅದು ನೆಲಕ್ಕೆ ಬೀಳಲಿ. ದಿನಕ್ಕೆ ಅರ್ಧ ಗಂಟೆಯ ಅಭ್ಯಾಸವನ್ನು ತಪ್ಪದೆ ಮಾಡುವವನು, ವಾರಕ್ಕೊಮ್ಮೆ ದಿನವಿಡೀ ದಣಿಯುವವನಿಗಿಂತ ಬೇಗ ಮುಂದೆ ಹೋಗುತ್ತಾನೆ.

ಈ ಕಲೆಗಳಿಗೆಲ್ಲ ಫ್ಲೋ ಆರ್ಟ್ಸ್ ಎಂಬ ಹೆಸರು ಬರಲು ಮಿಹಾಯ್ ಚಿಕ್‌ಸೆಂಟ್‌ಮಿಹಾಯ್ ಎಂಬ ಮನಶ್ಶಾಸ್ತ್ರಜ್ಞನ ವಿಚಾರವೂ ಹಿನ್ನೆಲೆಯಾಗಿದೆ. ಮಾಡುವ ಕೆಲಸ ತನ್ನ ಶಕ್ತಿಗಿಂತ ಬಹಳ ಸುಲಭವಾಗಿದ್ದರೆ ಬೇಸರ, ಬಹಳ ಕಠಿನವಾಗಿದ್ದರೆ ಉದ್ವೇಗ, ಎರಡರ ನಡುವೆ ಸರಿಯಾಗಿ ತೂಗಿದಾಗ ಮನುಷ್ಯನು ಕಾಲವನ್ನೂ ತನ್ನನ್ನೂ ಮರೆತು ಕೆಲಸದಲ್ಲಿ ಲೀನನಾಗುತ್ತಾನೆ, ಈ ಸ್ಥಿತಿಯೇ ಫ್ಲೋ ಎಂದು ಅವನು 1975ರಿಂದ ತನ್ನ ಗ್ರಂಥಗಳಲ್ಲಿ ಪ್ರತಿಪಾದಿಸಿದನು. ಉರುಳುಗೋಲಿನ ಅಭ್ಯಾಸಿಗೆ ಇದನ್ನು ಪುಸ್ತಕದಿಂದ ಓದಬೇಕಾಗಿಲ್ಲ. ಚಿತ್ತ ಒಂದು ಕ್ಷಣ ಬೇರೆಡೆಗೆ ಹೋದರೆ ಕೋಲು ನೆಲದಲ್ಲಿರುತ್ತದೆ. ಯಶಸ್ಸಿಗಾಗಿ ಆತುರಪಟ್ಟರೂ ನೆಲದಲ್ಲಿರುತ್ತದೆ. ಗುರುವಿಲ್ಲದ ಊರಿನಲ್ಲಿ ಆ ಬೀಳುವಿಕೆಯೇ ಗುರುವಿನ ಮಾತು.

ಇನ್ನು ಬೆಂಕಿಯ ವಿಷಯ. ಅರಗಳ ಕೊನೆಗೆ ಕೆವ್ಲಾರ್ ಎಂಬ ಸುಲಭವಾಗಿ ಸುಡದ ನೂಲಿನ ಬತ್ತಿಗಳನ್ನು ಕಟ್ಟಿ, ಸೀಮೆಎಣ್ಣೆಯಲ್ಲಿ ಅದ್ದಿ, ಹೆಚ್ಚಿನದನ್ನು ಕೊಡವಿ, ಹೊತ್ತಿಸಿ ಆಡುವ ಪದ್ಧತಿಯುಂಟು. ಯುವಕರ ಕಣ್ಣನ್ನು ಮೊದಲು ಸೆಳೆಯುವುದೂ ಅದೇ. ನುರಿತವರು ಕೂಡ ಹತ್ತಿಯ ಬಟ್ಟೆಯನ್ನು ಮಾತ್ರ ತೊಟ್ಟು, ಕೂದಲನ್ನು ಕಟ್ಟಿ, ಒದ್ದೆ ಹತ್ತಿಬಟ್ಟೆಯನ್ನು ಹಿಡಿದ ಕಾವಲುಗಾರನೊಬ್ಬನನ್ನು ಬಳಿಯಲ್ಲಿಟ್ಟುಕೊಂಡಲ್ಲದೆ ಇದಕ್ಕೆ ಕೈಹಾಕುವುದಿಲ್ಲ; ಪೆಟ್ರೋಲನ್ನಂತೂ ಮುಟ್ಟುವುದೇ ಇಲ್ಲ. ಹುಲ್ಲಿನ ಮೆದೆಗಳೂ ಒಣಗಿದ ತೆಂಗಿನ ಗರಿಗಳ ರಾಶಿಗಳೂ ಮನೆಮನೆಯ ಹಿತ್ತಿಲಿನಲ್ಲಿರುವ ನಮ್ಮ ಹಳ್ಳಿಗಳಲ್ಲಿ ಒಂದು ಕಿಡಿ ಒಂದು ವರ್ಷದ ಮೇವನ್ನು ಸುಡಬಲ್ಲದು. ಇದಲ್ಲದೆ, ಉರಿಗೆ ಮುತ್ತುವ ಹುಳುಹುಪ್ಪಟೆಗಳ ಪ್ರಾಣಕ್ಕೂ ಬೆಲೆಯಿದೆಯೆಂದು ಭಾವಿಸಿ ಸೂರ್ಯಾಸ್ತದೊಳಗೆ ಊಟ ಮುಗಿಸುವ ಜೈನ ಶ್ರಾವಕರ ಸೀಮೆಯಿದು. ಕತ್ತಲಲ್ಲಿ ಚೆಲುವು ಬೇಕೆನ್ನುವವರಿಗೆ ಬ್ಯಾಟರಿಯಿಂದ ಉರಿಯುವ ಎಲ್‌ಇಡಿ ದೀಪಗಳು ದೊರೆಯುತ್ತವೆ. ಅವನ್ನು ಅರಗಳ ಕೊನೆಗೆ ಕಟ್ಟಿದರೆ ಅದೇ ಬೆಳಕಿನ ಚಕ್ರ, ಅಪಾಯವಿಲ್ಲ. ಬೆಂಕಿಯಿಲ್ಲದೆ ಚೆನ್ನಾಗಿ ಕಾಣದ ಆಟ ಬೆಂಕಿಯಿಂದ ಚೆನ್ನಾಗುವುದಿಲ್ಲ ಎಂಬುದನ್ನೂ ನೆನಪಿಡಬೇಕು.

ನಮ್ಮ ಗರಡಿಗಳು ಹಲವು ಊರುಗಳಲ್ಲಿ ಮುಚ್ಚಿವೆ, ವಸ್ತಾದರು ಮುದುಕರಾಗಿದ್ದಾರೆ, ನಂದಿಧ್ವಜವನ್ನು ಹೊರಬಲ್ಲವರೂ ಕಡಮೆಯಾಗುತ್ತಿದ್ದಾರೆ. ಹೊಸ ಕೋಲನ್ನು ಕೈಗೆತ್ತಿಕೊಳ್ಳುವ ತರುಣ ತರುಣಿಯರು ಇವರ ಬಳಿಗೂ ಒಮ್ಮೆ ಹೋಗಿ ಕುಳಿತರೆ, ಪಾದವನ್ನು ಹೇಗೆ ಊರಬೇಕು, ನಡುವನ್ನು ಹೇಗೆ ಸಡಿಲ ಬಿಡಬೇಕು, ಉಸಿರನ್ನು ಯಾವಾಗ ಬಿಡಬೇಕು ಎಂಬ ವಿಷಯಗಳಲ್ಲಿ ಮೊಬೈಲಿನ ತೆರೆ ಕಲಿಸಲಾರದುದನ್ನು ಅವರಿಂದ ಪಡೆಯಬಹುದು. ಕಂಬದ ತೂಕವನ್ನು ನಡುವಿನಲ್ಲಿ ತಾಳಿದವನಿಗೆ ಉರುಳುವ ಕೋಲಿನ ಭಾಷೆ ಅರ್ಥವಾಗದೆ ಇರದು. ಒಂದು ಪೈಪು, ನಾಲ್ಕು ಕಡ್ಡಿ, ಹಳೆಯ ಟ್ಯೂಬು, ಬರಿದಾದ ಕಣ, ದಿನಕ್ಕೆ ಅರ್ಧ ಗಂಟೆ: ಆರಂಭಕ್ಕೆ ಇದಕ್ಕಿಂತ ಹೆಚ್ಚಿನದು ಬೇಡ. ಮೊದಲ ತಿಂಗಳು ಕೈಯನ್ನು ಮುಚ್ಚದಿರುವುದನ್ನಷ್ಟೇ ಕಲಿಯಿರಿ, ಉಳಿದುದಕ್ಕೆ ಅವಸರಪಡಬೇಡಿ.